ಮೊದಲ ಲಾಗಿನ್‌ಗೇ ಕನ್ನಡ ಬರಬೇಕು

ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ನಾನು ಅಂಗಡಿ ಷಟರ್ ಎತ್ತುವ ಹೊತ್ತಿಗೇ ಮುಂದೆ ಒಂದು ಆಟೋ ನಿಂತಿತ್ತು. ಇಳಿದವರು ನಮ್ಮ ತಿಪಟೂರಿನ ಒಬ್ಬ ಹಿರಿಯ ಬಾಂಡ್ ರೈಟರ್. ಹಿಂದಿನ ದಿನ ಸಂಜೆಯಷ್ಟೇ ಅವರ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ, ಹೊಸದಾಗಿ ವಿಂಡೋಸ್ ಹಾಕಿ ಕಳಿಸಿದ್ದೆ. ಅದೇ ಸಿಪಿಯು ಈಗ ಆಟೋ ಸೀಟಿನ ಮೇಲೆ ಕೂತು ವಾಪಸ್ ಬಂದಿತ್ತು.

"ಏನಪ್ಪಾ, ಎಲ್ಲಾ ಹಾಕಿದೀನಿ ಅಂದೆ. ಕನ್ನಡವೇ ಬರ್ತಿಲ್ವಲ್ಲ? ರಾತ್ರಿ ಒಂದು ಕ್ರಯಪತ್ರ ಟೈಪ್ ಮಾಡಿ ಇಡೋಣ ಅಂತ ಕೂತೆ. ಒಂದಕ್ಷರ ಮೂಡಲಿಲ್ಲ. ಹತ್ತು ಗಂಟೆಗೆ ಪಾರ್ಟಿ ಬರ್ತಾರೆ."

"ಕೂತ್ಕೊಳಿ ಸ್ವಾಮಿ, ಈಗಲೇ ನೋಡ್ತೀನಿ" ಅಂದೆ. ಆನ್ ಮಾಡಿ ನೋಡಿದರೆ ಅವರು ಹೇಳಿದ್ದು ನಿಜ. ಕೆಳಗೆ ಬಲಗಡೆ ಮೂಲೆಯಲ್ಲಿ ಬರೀ ಇಂಗ್ಲಿಷ್ ಕೀಬೋರ್ಡ್. ಹಳೆಯ ಪತ್ರಗಳನ್ನು ತೆರೆದರೆ ಎಲ್ಲಾ ಇಂಗ್ಲಿಷ್ ಅಕ್ಷರಗಳ ಗೋಜಲು. ಫಾಂಟ್ ಪಟ್ಟಿಯಲ್ಲಿ ನುಡಿ ಅನ್ನೋ ಹೆಸರೇ ಇಲ್ಲ. ಈ ಕೆಲಸಗಳನ್ನೆಲ್ಲ ತಾನಾಗಿ ಮಾಡಲು ನಾನು ಬರೆದ ಕಮಾಂಡ್‌ಗಳ ಫೈಲ್ ಒಂದಿದೆ, ಅದೇ ಸ್ಕ್ರಿಪ್ಟ್. ಅದು ಮಾಡಿದ್ದನ್ನೆಲ್ಲ ಬರೆದಿಟ್ಟ ಲಾಗ್ ತೆರೆದೆ. ಅದರಲ್ಲಿ ಫಾಂಟ್ ಹಾಕಿದ್ದೂ ಇತ್ತು, ಕೀಬೋರ್ಡ್ ಸೇರಿಸಿದ್ದೂ ಇತ್ತು. ಒಂದು ಎರರ್ ಕೂಡ ಇರಲಿಲ್ಲ.

ಕೈಯಲ್ಲೇ ಎಲ್ಲ ಸರಿ ಮಾಡಿ ಒಂಬತ್ತೂವರೆಗೆ ಕಳಿಸಿಕೊಟ್ಟೆ. ಆದರೆ ಕೆಲಸ ಆಗಿದೆ ಅಂತ ಲಾಗ್ ಹೇಳುತ್ತೆ, ಕಂಪ್ಯೂಟರ್ ಆಗಿಲ್ಲ ಅನ್ನುತ್ತೆ. ಅವತ್ತಿಡೀ ಇದೇ ತಲೆಯಲ್ಲಿ ಕೊರೆಯುತ್ತಿತ್ತು.

ಯಾಕೆ ಸ್ಕ್ರಿಪ್ಟ್ ಅಂತ ಮೊದಲು ಹೇಳುತ್ತೇನೆ. ವಿಂಡೋಸ್ ಹಾಕುವುದು ದೊಡ್ಡ ಕೆಲಸವಲ್ಲ. ಎಸ್‌ಎಸ್‌ಡಿ ಇದ್ದರೆ ಒಂದು ಟೀ ಕುಡಿದು ಬರುವಷ್ಟರಲ್ಲಿ ಮುಗಿಯುತ್ತೆ. ಸಮಯ ತಿನ್ನುವುದು ಅದರ ನಂತರದ್ದು. ಡ್ರೈವರ್, ಪ್ರಿಂಟರ್, ಬ್ರೌಸರ್, ಲಿಬ್ರೆಆಫೀಸ್, ಪಿಡಿಎಫ್ ಓದುವ ಸಾಫ್ಟ್‌ವೇರ್, ವಿಎಲ್‌ಸಿ, ನುಡಿ, ಹಳೆಯ ಫಾಂಟ್‌ಗಳು, ಕೀಬೋರ್ಡ್, ಟೈಮ್ ಝೋನ್, ದಿನಾಂಕದ ಕ್ರಮ. ಕೈಯಲ್ಲಿ ಮಾಡಿದರೆ ಏನಾದರೂ ಒಂದು ಮರೆತೇ ಮರೆಯುತ್ತೆ. ಮಂಡಿ ಅಂಗಡಿಯವರಿಗೆ ಮರೆತದ್ದು ಗೊತ್ತಾಗುವುದು ಬಿಲ್ ಪ್ರಿಂಟ್ ಕೊಟ್ಟಾಗ. ಅಷ್ಟು ಹೊತ್ತಿಗೆ ಅವರ ಮುಂದೆ ಕೊಬ್ಬರಿ ಚೀಲದ ಜೊತೆ ರೈತ ನಿಂತಿರುತ್ತಾನೆ.

ಈ ಕೆಲಸದ ಮೊದಲ ಪಾಠ ಕಲಿತದ್ದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ. 2006ರಲ್ಲಿ ಅಲ್ಲಿ ಒಂದು ಅಂಗಡಿಯಲ್ಲಿ ಹೆಲ್ಪರ್ ಆಗಿದ್ದೆ. ಆಗ ಎಲ್ಲ ಕಡೆ ಎಕ್ಸ್‌ಪಿ. ನಮ್ಮ ಹಿರಿಯ ಟೆಕ್ನಿಷಿಯನ್ ಒಬ್ಬರು ಸಿಡಿ ಜೊತೆ ಒಂದು ಫ್ಲಾಪಿ ಹಾಕುತ್ತಿದ್ದರು. ಅದರಲ್ಲಿ ವಿನ್‌ಎನ್‌ಟಿ ಡಾಟ್ ಸಿಫ್ ಅನ್ನೋ ಒಂದೇ ಫೈಲ್. ಹೆಸರು, ಕೀ, ಟೈಮ್ ಝೋನ್ ಎಲ್ಲ ಅದರಲ್ಲೇ ಬರೆದಿರುತ್ತಿತ್ತು. ಕೊನೆಯಲ್ಲಿ ಜಿಯುಐ ರನ್‌ಒನ್ಸ್ ಅನ್ನೋ ಒಂದು ಭಾಗ. ಮೊದಲ ಸಲ ಲಾಗಿನ್ ಆದಾಗ ಅಲ್ಲಿ ಬರೆದ ಕಮಾಂಡ್‌ಗಳು ತಾವಾಗಿ ಓಡುತ್ತಿದ್ದವು. ಒಂದೇ ಸಲ ಐದು ಸಿಸ್ಟಮ್ ಸಾಲಾಗಿ ಇಟ್ಟು, ಯಾವುದನ್ನೂ ಮುಟ್ಟದೆ ಅವರು ಊಟಕ್ಕೆ ಹೋಗುತ್ತಿದ್ದರು. ನನಗೆ ಅದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ಆ ಫೈಲಿನ ಜಾಗಕ್ಕೆ ಎಕ್ಸ್‌ಎಂಎಲ್ ಫೈಲ್ ಬಂದಿದೆ. ಸೆಟಪ್ ಕೇಳುವ ಪ್ರಶ್ನೆಗಳಿಗೆ ಉತ್ತರ ಅದರಲ್ಲಿರುತ್ತೆ, ಅದಕ್ಕೇ ಆನ್ಸರ್ ಫೈಲ್ ಅನ್ನುತ್ತಾರೆ. ಆಟೋಅನಟೆಂಡ್ ಅಂತ ಹೆಸರು ಕೊಟ್ಟು ಪೆನ್‌ಡ್ರೈವ್‌ನಲ್ಲಿ ಯಾವ ಫೋಲ್ಡರ್ ಒಳಗೂ ಹಾಕದೆ ಇಟ್ಟರೆ ಸೆಟಪ್ ತಾನೇ ಹುಡುಕಿಕೊಳ್ಳುತ್ತೆ. ಡಿಸ್ಕ್ ಅಳಿಸಿ ಪಾರ್ಟಿಷನ್ ಮಾಡುವುದನ್ನೂ ಅದರಲ್ಲೇ ಬರೆಯಬಹುದು. ಆ ಭಾಗವನ್ನು ಮಾತ್ರ ನಾನು ಬೇಕಂತಲೇ ಖಾಲಿ ಬಿಟ್ಟಿದ್ದೇನೆ. ಜನ ಮದುವೆ ಫೋಟೋ, ಮಕ್ಕಳ ಫೋಟೋ ಎಲ್ಲ ಡಿ ಡ್ರೈವ್‌ನಲ್ಲಿ ಇಟ್ಟಿರುತ್ತಾರೆ. ಆ ಪರದೆಯಲ್ಲಿ ನಿಂತು, ಓದಿ, ನನ್ನ ಕೈಯಿಂದಲೇ ಒತ್ತಬೇಕು. ಅಲ್ಲಿ ಉಳಿಯುವ ಎರಡು ನಿಮಿಷ ನನಗೆ ಬೇಡ.

ಈಗ ಬಾಂಡ್ ರೈಟರ್ ಕಂಪ್ಯೂಟರ್ ವಿಷಯ.

ನಾನು ಎಲ್ಲ ಕಮಾಂಡ್‌ಗಳನ್ನೂ ಸೆಟಪ್‌ಕಂಪ್ಲೀಟ್ ಡಾಟ್ ಸಿಎಂಡಿ ಅನ್ನೋ ಫೈಲಿನಲ್ಲಿ ಹಾಕಿದ್ದೆ. ವಿಂಡೋಸ್ ಫೋಲ್ಡರಿನ ಒಳಗೆ ಸೆಟಪ್, ಅದರೊಳಗೆ ಸ್ಕ್ರಿಪ್ಟ್ಸ್ ಅಂತ ಒಂದು ಫೋಲ್ಡರ್ ಮಾಡಿ ಅಲ್ಲಿಟ್ಟರೆ, ಇನ್‌ಸ್ಟಾಲ್ ಮುಗಿದ ಮೇಲೆ, ಲಾಗಿನ್ ಪರದೆ ಬರುವ ಮೊದಲೇ ವಿಂಡೋಸ್ ಅದನ್ನು ಓಡಿಸುತ್ತೆ. ಬಹಳ ಸುಲಭ. ಆದರೆ ಆ ಹೊತ್ತಿನಲ್ಲಿ ಮನೆಗೆ ಯಜಮಾನನೇ ಬಂದಿರುವುದಿಲ್ಲ. ಕಮಾಂಡ್ ಓಡುವುದು ಸಿಸ್ಟಮ್ ಅನ್ನೋ ವಿಂಡೋಸ್‌ನ ಒಳಗಿನ ಅಕೌಂಟ್ ಹೆಸರಿನಲ್ಲಿ. ಕೀಬೋರ್ಡ್ ಭಾಷೆಯ ಪಟ್ಟಿಯೋ, ಒಬ್ಬೊಬ್ಬ ಬಳಕೆದಾರನದು ಬೇರೆ ಬೇರೆ. ಹಾಗಾಗಿ ನನ್ನ ಸ್ಕ್ರಿಪ್ಟ್ ಕನ್ನಡ ಕೀಬೋರ್ಡನ್ನು ಸೇರಿಸಿತ್ತು, ಸುಳ್ಳು ಹೇಳಿರಲಿಲ್ಲ. ಸೇರಿಸಿದ್ದು ಸಿಸ್ಟಮ್ ಅಕೌಂಟಿಗೆ. ಅಲ್ಲಿ ಕೂತು ಕನ್ನಡ ಟೈಪ್ ಮಾಡುವವರು ಯಾರೂ ಇಲ್ಲ. ಆಮೇಲೆ ಬಾಂಡ್ ರೈಟರ್ ಅವರ ಅಕೌಂಟ್ ಹುಟ್ಟಿತು, ಅದರ ಪಟ್ಟಿಯಲ್ಲಿ ಬರೀ ಇಂಗ್ಲಿಷ್.

ಈ ಒಂದು ವಿಷಯ ತಲೆಗೆ ಹೋದ ಮೇಲೆ ನನ್ನ ಹಳೆಯ ಎಷ್ಟೋ ಗೊಂದಲಗಳು ಬಿಡಿಸಿಕೊಂಡವು. ಕಮಾಂಡ್ ಸರಿ ಇದ್ದರೆ ಸಾಲದು, ಅದು ಯಾವ ಹೊತ್ತಿನಲ್ಲಿ, ಯಾರ ಹೆಸರಿನಲ್ಲಿ ಓಡುತ್ತೆ ಅನ್ನುವುದೇ ಮುಖ್ಯ. ಸಾಫ್ಟ್‌ವೇರ್, ಫಾಂಟ್, ಟೈಮ್ ಝೋನ್ ಇವೆಲ್ಲ ಇಡೀ ಮನೆಯದು. ಯಾರು ಹಾಕಿದರೂ ಎಲ್ಲರಿಗೂ ಸಿಗುತ್ತೆ. ಕೀಬೋರ್ಡ್, ದಿನಾಂಕ ತೋರಿಸುವ ಕ್ರಮ, ಟಾಸ್ಕ್‌ಬಾರ್, ಡೆಸ್ಕ್‌ಟಾಪ್ ಇವು ಒಬ್ಬೊಬ್ಬರದ್ದು. ಅವರು ಒಳಗೆ ಬಂದ ಮೇಲೆ, ಅವರ ಹೆಸರಿನಲ್ಲೇ ಆಗಬೇಕು.

ಹಾಗಾದರೆ ಫಾಂಟ್ ಯಾಕೆ ಬರಲಿಲ್ಲ? ಅದು ಇಡೀ ಮನೆಯದ್ದು ತಾನೇ? ಅಲ್ಲಿ ಇನ್ನೊಂದು ತಪ್ಪು ಮಾಡಿದ್ದೆ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಆಸ್ಕಿ ಫಾಂಟ್‌ಗಳನ್ನು ಬಾಂಡ್ ರೈಟರ್‌ಗಳು ಇವತ್ತಿಗೂ ಬಿಟ್ಟಿಲ್ಲ. ಅವರ ಹಳೆಯ ಪತ್ರಗಳೆಲ್ಲ ಅದರಲ್ಲೇ ಇವೆ. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂತಿರುತ್ತೆ. ಫಾಂಟ್ ಇಲ್ಲದಿದ್ದರೆ ಅಡಿಯ ಇಂಗ್ಲಿಷ್ ಬಯಲಾಗುತ್ತೆ, ಅದೇ ಆ ಗೋಜಲು. ನಾನು ಫಾಂಟ್ ಫೈಲ್‌ಗಳನ್ನು ಸುಮ್ನೆ ಫಾಂಟ್ಸ್ ಫೋಲ್ಡರಿಗೆ ಕಾಪಿ ಮಾಡಿದ್ದೆ. ಮೌಸ್‌ನಲ್ಲಿ ಎಳೆದು ಹಾಕಿದರೆ ವಿಂಡೋಸ್ ಅದನ್ನು ರಿಜಿಸ್ಟ್ರಿಯಲ್ಲೂ, ಅಂದರೆ ತನ್ನ ಸೆಟ್ಟಿಂಗ್‌ಗಳ ಪುಸ್ತಕದಲ್ಲೂ, ಬರೆದುಕೊಳ್ಳುತ್ತೆ. ಸ್ಕ್ರಿಪ್ಟ್‌ನಲ್ಲಿ ಕಾಪಿ ಮಾಡಿದರೆ ಬರೆದುಕೊಳ್ಳುವುದಿಲ್ಲ. ಫೈಲ್ ಇರುತ್ತೆ, ಹಾಜರಿ ಪುಸ್ತಕದಲ್ಲಿ ಹೆಸರಿರುವುದಿಲ್ಲ. ಈಗ ಪ್ರತಿ ಫಾಂಟಿಗೂ ರಿಜಿಸ್ಟ್ರಿಯಲ್ಲಿ ಒಂದೊಂದು ಸಾಲು ಸ್ಕ್ರಿಪ್ಟೇ ಬರೆಯುತ್ತೆ.

ತುಂಗಾ ಫಾಂಟಿನ ಕಥೆಯೂ ಇಲ್ಲೇ ಹೇಳಿಬಿಡುತ್ತೇನೆ. ಎಕ್ಸ್‌ಪಿ ಕಾಲದಿಂದ ವಿಂಡೋಸ್ ಜೊತೆಗೇ ಬರುತ್ತಿದ್ದ ಕನ್ನಡ ಫಾಂಟ್ ಅದು. ವಿಂಡೋಸ್ 10ರಿಂದ ಅದನ್ನು ಐಚ್ಛಿಕ ಫೀಚರ್ ಮಾಡಿದ್ದಾರೆ, ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ. ಹೊಸದಾಗಿ ಹಾಕಿದ ಸಿಸ್ಟಮ್‌ನಲ್ಲಿ ನಿರ್ಮಲಾ ಯುಐ ಮಾತ್ರ ಇರುತ್ತೆ. ಓದಲು ಏನೂ ತೊಂದರೆ ಇಲ್ಲ. ಆದರೆ ತುಂಗಾದಲ್ಲಿ ಜೋಡಿಸಿದ ಲಗ್ನಪತ್ರಿಕೆ ನಿರ್ಮಲಾದಲ್ಲಿ ತೆರೆದರೆ ಸಾಲುಗಳು ಆಚೀಚೆ ಸರಿಯುತ್ತವೆ. ಪ್ರೆಸ್‌ನವರಿಗೆ ಅದು ಆಗಿಬರಲ್ಲ. ಡಿಸ್ಮ್ ಕಮಾಂಡ್‌ನಿಂದ ಒಂದೇ ಸಾಲಿನಲ್ಲಿ ಸೇರಿಸಬಹುದು. ಇಂಟರ್ನೆಟ್ ಇರಬೇಕು ಅಷ್ಟೇ.

ಇದಾದ ಎರಡು ವಾರಕ್ಕೆ ಒಂದು ಲ್ಯಾಪ್‌ಟಾಪ್ ಬಂತು. ಅದೇ ಪೆನ್‌ಡ್ರೈವ್, ತಿದ್ದಿದ ಸ್ಕ್ರಿಪ್ಟ್. ಇನ್‌ಸ್ಟಾಲ್ ಆಯಿತು, ಡೆಸ್ಕ್‌ಟಾಪ್ ಬಂತು, ಸ್ಕ್ರಿಪ್ಟ್ ಓಡಲೇ ಇಲ್ಲ. ಲಾಗ್ ಫೈಲ್ ಕೂಡ ಹುಟ್ಟಿರಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಇದಕ್ಕೆ ಹೋಯಿತು. ವಿಂಡೋಸ್ ಫೋಲ್ಡರಿನಲ್ಲಿ ಪ್ಯಾಂಥರ್ ಅಂತ ಒಂದು ಫೋಲ್ಡರ್ ಇದೆ, ಸೆಟಪ್ ತನ್ನ ದಿನಚರಿಯನ್ನೆಲ್ಲ ಅಲ್ಲಿ ಬರೆದಿಡುತ್ತೆ. ಅದನ್ನು ಓದುತ್ತಾ, ಮೈಕ್ರೋಸಾಫ್ಟ್‌ನ ದಾಖಲೆ ನೋಡುತ್ತಾ ಗೊತ್ತಾದದ್ದು ಇದು: ಓಇಎಂ ಕೀ, ಅಂದರೆ ಯಂತ್ರ ಮಾಡಿದ ಕಂಪನಿಯೇ ಜೊತೆಗೆ ಕೊಟ್ಟ ವಿಂಡೋಸ್ ಲೈಸೆನ್ಸ್ ಸಂಖ್ಯೆ, ಇರುವ ಯಂತ್ರದಲ್ಲಿ ಸೆಟಪ್‌ಕಂಪ್ಲೀಟ್ ಓಡುವುದೇ ಇಲ್ಲ. ವಿಂಡೋಸ್ 8ರ ಕಾಲದಿಂದ ಬ್ರ್ಯಾಂಡ್ ಲ್ಯಾಪ್‌ಟಾಪ್‌ಗಳ ಕೀ ಬಯೋಸ್ ಒಳಗೇ ಕೂತಿರುತ್ತೆ. ಸೆಟಪ್ ಕೇಳದೆ ಅದನ್ನೇ ಎತ್ತಿಕೊಳ್ಳುತ್ತೆ. ನಾನೇ ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಓಡುತ್ತಿದ್ದದ್ದು ಲ್ಯಾಪ್‌ಟಾಪ್‌ನಲ್ಲಿ ಓಡದೆ ಇರಲು ಅದೇ ಕಾರಣ. ನನ್ನ ಹತ್ತಿರ ಬರುವುದು ಮುಕ್ಕಾಲು ಪಾಲು ಲ್ಯಾಪ್‌ಟಾಪೇ.

ಅವತ್ತಿನಿಂದ ಸೆಟಪ್‌ಕಂಪ್ಲೀಟ್ ಬಿಟ್ಟೆ. ಆನ್ಸರ್ ಫೈಲಿನಲ್ಲಿ ಫಸ್ಟ್‌ಲಾಗಾನ್‌ಕಮಾಂಡ್ಸ್ ಅಂತ ಒಂದು ಭಾಗ ಇದೆ. ಸೆಟಪ್‌ನ 7 ಹಂತಗಳಲ್ಲಿ ಓಒಬಿಇ ಸಿಸ್ಟಮ್ ಅನ್ನೋದರೊಳಗೆ ಬರುತ್ತೆ. ಮೊದಲ ಬಳಕೆದಾರ ಮೊದಲ ಸಲ ಒಳಗೆ ಬಂದಾಗ, ಒಂದು ಮುಗಿದ ಮೇಲೆ ಇನ್ನೊಂದು ಅಂತ ನಂಬರ್ ಪ್ರಕಾರ ಓಡುತ್ತೆ. ಹತ್ತು ಸಾಲು ಅಲ್ಲೇ ಬರೆಯಬಹುದು. ನಾನು ಒಂದೇ ಸಾಲು ಬರೆದಿದ್ದೇನೆ: ಪೆನ್‌ಡ್ರೈವ್‌ನಲ್ಲಿರುವ ಪವರ್‌ಶೆಲ್ ಸ್ಕ್ರಿಪ್ಟ್ ಹುಡುಕಿ ಓಡಿಸು. ಪವರ್‌ಶೆಲ್ ಅಂದರೆ ಸ್ಕ್ರಿಪ್ಟ್‌ಗಳನ್ನು ಓಡಿಸುವ ವಿಂಡೋಸ್‌ನದೇ ಸಾಧನ. ಎಕ್ಸ್‌ಎಂಎಲ್ ಮುಟ್ಟಿ ತಪ್ಪು ಮಾಡುವುದಕ್ಕಿಂತ ಸ್ಕ್ರಿಪ್ಟ್ ತಿದ್ದುವುದು ಸಲೀಸು.

ಹುಡುಕಿ ಅಂತ ಯಾಕೆ ಅಂದೆ ಅಂದರೆ, ಪೆನ್‌ಡ್ರೈವ್ ಯಾವ ಅಕ್ಷರದಲ್ಲಿ ಕೂರುತ್ತೆ ಅಂತ ಹೇಳಲಾಗದು. ಒಂದೇ ಎಸ್‌ಎಸ್‌ಡಿ ಇದ್ದರೆ ಡಿ. ಹಳೆಯ ಹಾರ್ಡ್‌ಡಿಸ್ಕ್ ಜೊತೆಗಿದ್ದರೆ ಇ ಅಥವಾ ಎಫ್. ಹಾಗಾಗಿ ಡಿ ಇಂದ ಝೆಡ್ ತನಕ ಒಂದೊಂದೇ ಡ್ರೈವ್ ತೆರೆದು, ನನ್ನ ಫೋಲ್ಡರ್ ಎಲ್ಲಿದೆ ಅಲ್ಲಿಂದ ಸಿ ಡ್ರೈವಿಗೆ ಕಾಪಿ ಮಾಡಿಕೊಳ್ಳುತ್ತೆ. ಕಾಪಿ ಮುಗಿದ ಮೇಲೆ ಪೆನ್‌ಡ್ರೈವ್ ಕಿತ್ತು ಮುಂದಿನ ಯಂತ್ರಕ್ಕೆ ಹಾಕಬಹುದು.

ಸಾಫ್ಟ್‌ವೇರ್‌ಗಳನ್ನು ಇಂಟರ್ನೆಟ್‌ನಿಂದ ವಿಂಗೆಟ್ ಅನ್ನೋ ವಿಂಡೋಸ್‌ನದೇ ಕಮಾಂಡ್ ಮೂಲಕ ಹಾಕಿದರೆ ಯಾವಾಗಲೂ ಹೊಸ ಆವೃತ್ತಿ ಸಿಗುತ್ತೆ ಅಂತ ಮೊದಲು ಹಾಗೇ ಬರೆದಿದ್ದೆ. ಒಮ್ಮೊಮ್ಮೆ ಓಡುತ್ತಿತ್ತು, ಒಮ್ಮೊಮ್ಮೆ ವಿಂಗೆಟ್ ಅಂದರೆ ಏನು ಅಂತಲೇ ವಿಂಡೋಸಿಗೆ ಗೊತ್ತಿರುತ್ತಿರಲಿಲ್ಲ. ಮೊದಲ ಲಾಗಿನ್ ಆದ ಮೇಲಷ್ಟೇ ಮೈಕ್ರೋಸಾಫ್ಟ್ ಸ್ಟೋರ್ ಅದನ್ನು ಹಿಂದೆ ಹಿಂದೆ ನೋಂದಾಯಿಸುತ್ತೆ. ನನ್ನ ಸ್ಕ್ರಿಪ್ಟ್ ಅದಕ್ಕಿಂತ ಮುಂಚೆ ಹೋಗಿ ಬಾಗಿಲು ಬಡಿಯುತ್ತಿತ್ತು. ಕಾಯುವ ಹಾಗೆ ಬರೆಯಬಹುದಿತ್ತು. ಆದರೆ ವೈಫೈ ಪಾಸ್‌ವರ್ಡ್ ಹಾಕುವ ಮೊದಲೇ ಎಲ್ಲ ಮುಗಿಯಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಇನ್‌ಸ್ಟಾಲರ್‌ಗಳನ್ನೇ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದೇನೆ, ತಿಂಗಳಿಗೊಮ್ಮೆ ಹೊಸದು ಇಳಿಸಿ ಬದಲಾಯಿಸುತ್ತೇನೆ. ಪ್ರಶ್ನೆ ಕೇಳದೆ ಹಾಕಿಸಿಕೊಳ್ಳಲು ಒಂದೊಂದಕ್ಕೆ ಒಂದೊಂದು ಮಾತು. ವಿಎಲ್‌ಸಿ, ಸೆವೆನ್‌ಝಿಪ್ ಇಂಥವಕ್ಕೆ ಸ್ಲ್ಯಾಶ್ ಹಾಕಿ ಎಸ್, ಅದೂ ದೊಡ್ಡ ಎಸ್. ಲಿಬ್ರೆಆಫೀಸ್‌ನ ಎಂಎಸ್‌ಐ ಬಗೆಯ ಇನ್‌ಸ್ಟಾಲರ್‌ಗೆ ಸ್ಲ್ಯಾಶ್ ಕ್ಯೂಎನ್. ಎಂಎಸ್‌ಐ ಎರಡು ಒಟ್ಟಿಗೆ ಓಡಲಾರವು, ಎರಡನೆಯದು 1618 ಅನ್ನೋ ಎರರ್ ಕೊಟ್ಟು ಸುಮ್ಮನಾಗುತ್ತೆ. ಪವರ್‌ಶೆಲ್‌ನಲ್ಲಿ ಒಂದು ಮುಗಿಯುವ ತನಕ ಕಾಯಿ ಅಂತ ಬಿಡಿಸಿ ಹೇಳದಿದ್ದರೆ ಅದು ಕಾಯುವುದಿಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ.

ಸ್ಕ್ರಿಪ್ಟ್ ಓಡುವಾಗ ಗಿರಾಕಿ ಎದುರಿಗೇ ಕೂತಿದ್ದರೆ ಅವರಿಗೆ ಕಾಣುವುದು ಒಂದು ಕಪ್ಪು ಕಿಟಕಿ, ಅದರಲ್ಲಿ ಓಡುವ ಇಂಗ್ಲಿಷ್ ಸಾಲುಗಳು. ವಯಸ್ಸಾದವರು ಹೆದರುತ್ತಾರೆ. ಒಬ್ಬ ಅಜ್ಜಿಯಂತೂ, "ಮಗಾ, ವೈರಸ್ ಬಂತೇನೋ" ಅಂತ ಕೇಳಿದ್ದರು. ಹಾಗಾಗಿ ಕನ್ನಡದಲ್ಲಿ ನಾಲ್ಕು ಸಾಲು ತೋರಿಸೋಣ ಅಂತ ಹೊರಟೆ. "ಕೆಲಸ ನಡೆಯುತ್ತಿದೆ. ದಯವಿಟ್ಟು ಆಫ್ ಮಾಡಬೇಡಿ." ಇಷ್ಟೇ. ಆ ಕಪ್ಪು ಕಿಟಕಿಗೆ ಕನ್ನಡ ಬರಲ್ಲ, ಬರೀ ಚೌಕಗಳು. ಸರಿ, ಸ್ಕ್ರಿಪ್ಟ್ ಒಂದು ಪಠ್ಯ ಫೈಲ್ ಬರೆದು ನೋಟ್‌ಪ್ಯಾಡ್‌ನಲ್ಲಿ ದೊಡ್ಡದಾಗಿ ತೆರೆಯಲಿ ಅಂದುಕೊಂಡೆ.

ನೋಟ್‌ಪ್ಯಾಡ್ ತೆರೆಯಿತು. ಅದರಲ್ಲಿ ತಲೆ ಮೇಲೆ ಗೀಟಿರುವ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೆ ಸಣ್ಣದಾಗಿ ಕೂತ ಒಂದು 2, ಆಮೇಲೆ ಏನೋ ಒಂದು ಚಿಹ್ನೆ. ಮತ್ತೆ ಎ, ಮತ್ತೆ ಸಣ್ಣ 2. ನಡುವೆ ಅಲ್ಲಲ್ಲಿ 2ರ ಬದಲು ಸಣ್ಣ 3. ಸಾಲಿನ ಉದ್ದಕ್ಕೂ ಇದೇ. ನೀವೂ ಎಲ್ಲಾದರೂ ಈ ಜೋಡಿ ನೋಡಿರುತ್ತೀರಿ, ಹಾಳಾದ ಕನ್ನಡ ಇಮೇಲ್‌ನಲ್ಲೋ, ಸಬ್‌ಟೈಟಲ್‌ನಲ್ಲೋ. ನಾನು ವರ್ಷಗಟ್ಟಲೆ ನೋಡಿದ್ದೆ, ಯಾಕೆ ಯಾವಾಗಲೂ ಅದೇ 2 ಮತ್ತು 3 ಅಂತ ಯೋಚಿಸಿರಲಿಲ್ಲ. ಅವತ್ತು ಕೂತು ಲೆಕ್ಕ ಹಾಕಿದೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಮೊದಲ ಬೈಟ್ ಎಲ್ಲಕ್ಕೂ ಒಂದೇ. ಎರಡನೆಯದು ಎರಡೇ ಬಗೆ. ಅ, ಆ, ಕ, ಖ, ಮ ಇವಕ್ಕೆ ಒಂದು, ಹೆಚ್ಚಿನ ಕಾಗುಣಿತದ ಗುರುತುಗಳಿಗೆ ಇನ್ನೊಂದು. ಹಳೆಯ ಯುರೋಪಿನ ಅಕ್ಷರ ಪಟ್ಟಿ ಹಿಡಿದು ಓದಿದರೆ ಮೊದಲ ಬೈಟ್ ಗೀಟಿನ ಎ ಆಗುತ್ತೆ, ಎರಡನೆಯದು ಸಣ್ಣ 2 ಅಥವಾ ಸಣ್ಣ 3. ಅಂದರೆ ಆ ಗೋಜಲಿನೊಳಗೆ ನನ್ನ ವಾಕ್ಯ ಒಂದು ಚೂರೂ ಕಳೆಯದೆ ಹಾಗೇ ಇತ್ತು. ಓದಿದವನು ಮಾತ್ರ ತಪ್ಪು ಪಟ್ಟಿ ಹಿಡಿದಿದ್ದ.

ಓದಿದವನು ವಿಂಡೋಸ್ ಪವರ್‌ಶೆಲ್ 5.1. ಸ್ಕ್ರಿಪ್ಟ್ ಫೈಲಿನ ತಲೆಯಲ್ಲಿ ಬಾಮ್ ಅನ್ನೋ ಮೂರು ಬೈಟ್‌ಗಳ ಗುರುತು ಇಲ್ಲದಿದ್ದರೆ ಅದು ಫೈಲನ್ನು ಹಳೆಯ ಪಟ್ಟಿ ಹಿಡಿದೇ ಓದುತ್ತೆ. ನಾನು ಬಳಸುವ ಎಡಿಟರ್ ಆ ಗುರುತಿಲ್ಲದೆ ಸೇವ್ ಮಾಡುತ್ತಿತ್ತು. ಸೇವ್ ಮಾಡುವಾಗ ಯುಟಿಎಫ್-8 ವಿತ್ ಬಾಮ್ ಅಂತ ಆರಿಸಿದೆ, ಅಷ್ಟೇ. ಮುಂದಿನ ಸಲ ನೋಟ್‌ಪ್ಯಾಡ್‌ನಲ್ಲಿ ದುಂಡಗೆ, ದೊಡ್ಡದಾಗಿ ಕನ್ನಡ ನಿಂತಿತು. ಸ್ಕ್ರಿಪ್ಟ್‌ನಲ್ಲಿ ಕನ್ನಡ ಹೆಸರಿನ ಫೋಲ್ಡರ್ ಮಾಡುವವರಿಗೂ ಇದೇ ಮದ್ದು. ಕನ್ನಡದಲ್ಲಿ ಬರೆದರೆ ಕಂಪ್ಯೂಟರ್ ಕೆಡುತ್ತೆ ಅಂತ ಇಂಗ್ಲಿಷಿನಲ್ಲೇ ಹೆಸರಿಡುವ ಎಷ್ಟೋ ಹುಡುಗರನ್ನು ನೋಡಿದ್ದೇನೆ. ಕೆಡುವುದಿಲ್ಲ. ಸೇವ್ ಮಾಡುವ ಕಡೆ ಒಂದು ಆಯ್ಕೆ ಬದಲಾಯಿಸಿ ನೋಡಿ.

ಇನ್ನು ಕರೆಂಟ್.

ಮಳೆ ಶುರುವಾದರೆ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಅಂಗಡಿಯಲ್ಲಿ ಯುಪಿಎಸ್ ಇದೆ. ಆದರೆ ಮನೆಗೇ ಹೋಗಿ ಹಾಕಿಕೊಡುವ ಕೆಲಸವೂ ಇರುತ್ತಲ್ವಾ. ನೊಣವಿನಕೆರೆ ಕಡೆ ಒಬ್ಬರ ಮನೆಯಲ್ಲಿ ಸ್ಕ್ರಿಪ್ಟ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಬಂದ ಮೇಲೆ ಆನ್ ಮಾಡಿದರೆ ಡೆಸ್ಕ್‌ಟಾಪ್ ನೇರವಾಗಿ ಬಂತು, ಉಳಿದ ಅರ್ಧ ಓಡಲಿಲ್ಲ. ಉಳಿದದ್ದೆಲ್ಲ ಕೈಯಲ್ಲಿ ಮಾಡಿ ಬಂದೆ.

ಆಮೇಲೆ ಎರಡು ಬದಲಾವಣೆ ಮಾಡಿದೆ. ಒಂದು, ಪ್ರತಿ ಹೆಜ್ಜೆ ಮುಗಿದಾಗ ಸ್ಕ್ರಿಪ್ಟ್ ಒಂದು ಪುಟ್ಟ ಖಾಲಿ ಫೈಲ್ ಮಾಡಿಡುತ್ತೆ. ಮತ್ತೆ ಶುರುವಾದರೆ ಆ ಫೈಲ್ ಇದೆಯಾ ಅಂತ ನೋಡಿ ಮುಂದಿನ ಹೆಜ್ಜೆಗೆ ಹೋಗುತ್ತೆ. ಎರಡು, ಮೊದಲ ಲಾಗಿನ್‌ನ ಆ ಒಂದು ಸಾಲು ಈಗ ನೇರವಾಗಿ ಕೆಲಸ ಮಾಡುವುದಿಲ್ಲ. ಫೋಲ್ಡರ್ ಕಾಪಿ ಮಾಡಿ, ಪ್ರತಿ ಲಾಗಿನ್‌ಗೂ ಓಡುವ ಒಂದು ಟಾಸ್ಕ್ ಹುಟ್ಟಿಸಿ, ಅದನ್ನು ಶುರು ಮಾಡುತ್ತೆ. ಎಲ್ಲ ಹೆಜ್ಜೆ ಮುಗಿದ ಮೇಲೆ ಆ ಟಾಸ್ಕ್ ತನ್ನನ್ನು ತಾನೇ ಅಳಿಸಿಕೊಳ್ಳುತ್ತೆ. ಟಾಸ್ಕ್ ಶೆಡ್ಯೂಲರ್ ಬಳಸುವವರು ಒಂದು ನೆನಪಿಡಿ. ಚಾರ್ಜರ್ ಹಾಕಿದ್ದಾಗ ಮಾತ್ರ ಓಡು ಅನ್ನುವ ಷರತ್ತು ಅದರಲ್ಲಿ ಮೊದಲೇ ಆನ್ ಆಗಿರುತ್ತೆ. ಬ್ಯಾಟರಿ ಮೇಲಿದ್ದ ಲ್ಯಾಪ್‌ಟಾಪ್ ಒಂದರಲ್ಲಿ ಏನೂ ಆಗದೆ ನಾನು ಬಹಳ ಹೊತ್ತು ಹುಡುಕಿದೆ. ಆ ಷರತ್ತನ್ನು ಸ್ಕ್ರಿಪ್ಟ್‌ನಲ್ಲೇ ತೆಗೆಯಬೇಕು.

ಇಷ್ಟೆಲ್ಲ ಆದ ಮೇಲೂ ಒಂದು ಉಳಿದಿತ್ತು. ಅದನ್ನು ತೋರಿಸಿಕೊಟ್ಟದ್ದು ಅದೇ ಬಾಂಡ್ ರೈಟರ್ ಅವರ ಮಗಳು.

ದಸರಾ ಹೊತ್ತಿಗೆ ಅವರ ಕಂಪ್ಯೂಟರ್ ಮತ್ತೆ ಬಂತು. ಈ ಸಲ ದೂರಿಗಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯುತ್ತೆ ಅಂತ ಎಲ್ಲ ಕಡೆ ಸುದ್ದಿ. ಆಷಾಢದಲ್ಲಿ ಅವರ ಬಿಲ್ ಪ್ರಿಂಟರ್‌ಗೋಸ್ಕರ 10ನ್ನೇ ಹಾಕಿದ್ದೆ. ಈಗ ಪ್ರಿಂಟರ್ ಬದಲಾಗಿತ್ತು, 11 ಹಾಕಿಕೊಟ್ಟೆ. ಅಪ್ಪನ ಅಕೌಂಟ್‌ನಲ್ಲಿ ಎಲ್ಲ ಸರಿ ಇತ್ತು. ಪಿಯುಸಿ ಓದುವ ಮಗಳು ಮನೆಯಲ್ಲಿ ತನಗೇ ಒಂದು ಅಕೌಂಟ್ ಮಾಡಿಕೊಂಡಳು. ಫೋನ್ ಮಾಡಿದಳು. "ಅಂಕಲ್, ಅಪ್ಪಂದ್ರಲ್ಲಿ ಕನ್ನಡ ಇದೆ, ನಂದ್ರಲ್ಲಿ ಇಲ್ಲ. ನನ್ನ ಕನ್ನಡ ಅಸೈನ್‌ಮೆಂಟ್ ಟೈಪ್ ಮಾಡ್ಬೇಕು."

ಫಸ್ಟ್‌ಲಾಗಾನ್‌ಕಮಾಂಡ್ಸ್ ಓಡುವುದು ಯಂತ್ರದ ಮೊದಲ ಲಾಗಿನ್‌ಗೆ ಒಂದೇ ಸಲ. ಆಮೇಲೆ ಬರುವ ಎರಡನೆಯವರು, ಮೂರನೆಯವರು ಅದರ ಲೆಕ್ಕದಲ್ಲಿಲ್ಲ. ಮಗಳ ಅಕೌಂಟ್ ಹುಟ್ಟುವಾಗ ವಿಂಡೋಸ್ ಏನು ಮಾಡುತ್ತೆ ಅಂದರೆ, ಯೂಸರ್ಸ್ ಫೋಲ್ಡರಿನಲ್ಲಿ ಅಡಗಿರುವ ಡಿಫಾಲ್ಟ್ ಅನ್ನೋ ಫೋಲ್ಡರನ್ನು ಅಚ್ಚಿನ ಹಾಗೆ ಇಟ್ಟುಕೊಂಡು ಹೊಸದು ಎರಕ ಹೊಯ್ಯುತ್ತೆ. ಆ ಫೋಲ್ಡರಿನಲ್ಲಿ ಎನ್‌ಟಿಯೂಸರ್ ಡಾಟ್ ಡ್ಯಾಟ್ ಅನ್ನೋ ಫೈಲ್ ಇದೆ, ಅದೇ ಹೊಸಬರ ರಿಜಿಸ್ಟ್ರಿ. ರೆಗ್ ಲೋಡ್ ಕಮಾಂಡ್‌ನಿಂದ ಅದನ್ನು ತೆರೆದು, ರನ್‌ಒನ್ಸ್ ಅನ್ನುವಲ್ಲಿ ಒಂದು ಸಾಲು ಬರೆದು, ರೆಗ್ ಅನ್‌ಲೋಡ್‌ನಿಂದ ಮುಚ್ಚಬೇಕು. ಮುಚ್ಚುವುದನ್ನು ಮರೆಯಬೇಡಿ. ಅಲ್ಲಿಂದ ಮುಂದೆ ಯಾರೇ ಹೊಸ ಅಕೌಂಟ್ ಮಾಡಿದರೂ ಆ ಸಾಲು ಅವರ ಜೊತೆಗೇ ಹುಟ್ಟುತ್ತೆ, ಅವರ ಮೊದಲ ಲಾಗಿನ್‌ನಲ್ಲಿ, ಅವರ ಹೆಸರಿನಲ್ಲೇ ಓಡುತ್ತೆ, ಆಮೇಲೆ ಅಳಿದುಹೋಗುತ್ತೆ.

ಅಳಿಯುವುದರಲ್ಲೂ ಒಂದು ಸೂಕ್ಷ್ಮ ಇದೆ. ರನ್‌ಒನ್ಸ್ ಸಾಲನ್ನು ವಿಂಡೋಸ್ ಮೊದಲು ಅಳಿಸಿ ಆಮೇಲೆ ಓಡಿಸುತ್ತೆ. ಓಡುವಾಗ ಕರೆಂಟ್ ಹೋದರೆ ಮುಗಿಯಿತು, ಮತ್ತೆ ಓಡಲ್ಲ. ಸಾಲಿನ ಹೆಸರಿನ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ, ಓಡಿ ಮುಗಿದ ಮೇಲಷ್ಟೇ ಅಳಿಸುತ್ತೆ. ಒಂದೇ ಒಂದು ಚಿಹ್ನೆ. ನಮ್ಮ ಊರಿನಂಥ ಊರಿಗೆ ಅದು ಬೇಕೇ ಬೇಕು.

ವಿಂಡೋಸ್ 11ರಲ್ಲಿ ಭಾಷೆಯ ಮಟ್ಟಿಗೆ ಇನ್ನೊಂದು ದಾರಿ ಇದೆ. ಈಗಿನ ಬಳಕೆದಾರನ ಭಾಷೆ, ಕೀಬೋರ್ಡ್ ಎಲ್ಲವನ್ನೂ ಮುಂದೆ ಹುಟ್ಟುವ ಅಕೌಂಟ್‌ಗಳಿಗೆ ಕಾಪಿ ಮಾಡುವ ಒಂದು ಪವರ್‌ಶೆಲ್ ಕಮಾಂಡ್. ಲಾಗಿನ್ ಪರದೆಗೂ ಕಾಪಿ ಮಾಡಲೇ ಅಂತ ಅದು ಕೇಳುತ್ತೆ. ಅಲ್ಲಿಗೆ ಬೇಡ ಅನ್ನಿ. ಲಾಗಿನ್ ಪರದೆಯಲ್ಲಿ ಗೊತ್ತಿಲ್ಲದೆ ಕನ್ನಡ ಕೀಬೋರ್ಡ್ ಆನ್ ಆದರೆ ಪಾಸ್‌ವರ್ಡ್ ಚುಕ್ಕಿಗಳಲ್ಲಿ ಏನು ಬೀಳುತ್ತಿದೆ ಅಂತ ಯಾರಿಗೂ ಕಾಣಲ್ಲ. ಅಂಥ ಫೋನ್ ಕರೆ ನನಗೆ ಬಂದಿದೆ.

ಪಾಸ್‌ವರ್ಡ್ ಅಂದಾಗ ಇದನ್ನೂ ಹೇಳಬೇಕು. ಆನ್ಸರ್ ಫೈಲಿನಲ್ಲಿ ಅಕೌಂಟಿನ ಪಾಸ್‌ವರ್ಡ್ ಬರೆಯಬಹುದು, ಓದಲು ಆಗದ ಹಾಗೆ ಮಾಡುವ ಒಂದು ಆಯ್ಕೆಯೂ ಇದೆ. ಅದನ್ನು ನಂಬಬೇಡಿ. ಅದು ಬೇಸ್64 ಅಷ್ಟೇ, ಬೀಗ ಅಲ್ಲ. ಯಾರು ಬೇಕಾದರೂ ಒಂದು ನಿಮಿಷದಲ್ಲಿ ಬಿಡಿಸುತ್ತಾರೆ. ಪೆನ್‌ಡ್ರೈವ್ ಎಲ್ಲೋ ಬಿದ್ದುಹೋದರೆ ಎಲ್ಲ ಗಿರಾಕಿಗಳ ಬಾಗಿಲೂ ತೆರೆದ ಹಾಗೆ. ನಾನು ಪಾಸ್‌ವರ್ಡ್ ಜಾಗ ಖಾಲಿ ಬಿಡುತ್ತೇನೆ. ಖಾಲಿ ಪಾಸ್‌ವರ್ಡ್ ಅಕೌಂಟಿಗೆ ನೆಟ್‌ವರ್ಕ್ ಮೂಲಕ ಬರಲು ವಿಂಡೋಸ್ ತಾನಾಗಿ ಬಿಡುವುದಿಲ್ಲ, ಎದುರಿಗೆ ಕೂತವರಿಗೆ ಮಾತ್ರ. ಗಿರಾಕಿ ಬಂದಾಗ ನಾನು ಆ ಕಡೆ ತಿರುಗಿ ನಿಲ್ಲುತ್ತೇನೆ, ಅವರೇ ಕೂತು ತಮ್ಮ ಪಾಸ್‌ವರ್ಡ್ ಹಾಕಿಕೊಳ್ಳುತ್ತಾರೆ.

ಮಗಳ ಅಕೌಂಟ್ ಸರಿ ಮಾಡಲು ಅವರ ಮನೆಗೇ ಹೋಗಿದ್ದೆ. ಅವಳ ಹಳೆಯ ಅಕೌಂಟ್ ಅಳಿಸಿ, ಡಿಫಾಲ್ಟ್‌ನಲ್ಲಿ ಸಾಲು ಬರೆದು, ಮತ್ತೆ ಹೊಸದು ಮಾಡು ಅಂತ ಅವಳ ಕೈಗೇ ಕೊಟ್ಟೆ. ಲಾಗಿನ್ ಆದಳು. ನೋಟ್‌ಪ್ಯಾಡ್ ತೆರೆಯಿತು. ಬಾಂಡ್ ರೈಟರ್ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು: "ಕೆಲಸ ನಡೆಯುತ್ತಿದೆ. ದಯವಿಟ್ಟು ಆಫ್ ಮಾಡಬೇಡಿ." ಓದಿ, ಸ್ವಿಚ್ ಬೋರ್ಡ್ ಪಕ್ಕ ನಿಂತಿದ್ದ ಮೊಮ್ಮಗನನ್ನು ಎತ್ತಿ ತೊಡೆ ಮೇಲೆ ಕೂರಿಸಿಕೊಂಡರು. ಸುಮಾರು ಅರ್ಧ ನಿಮಿಷ. ನೋಟ್‌ಪ್ಯಾಡ್ ಮುಚ್ಚಿಕೊಂಡಿತು. ಹುಡುಗಿ ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದಳು, ಮೂಲೆಯಲ್ಲಿ ಕನ್ನಡ ಬಂತು, ಅಸೈನ್‌ಮೆಂಟಿನ ತಲೆಬರಹ ಟೈಪ್ ಮಾಡಲು ಶುರು ಮಾಡಿದಳು.